ಗುರುಲಿಂಗವ್ವ ಅಂದ್ರ ನಾನೇ

ಬಾದಾಮಿ
ತಾ. ೨೨–೯–೧೯೮೫, ರವಿವಾರ

ನನ್ನ ಬಂಗಾರದಂಥ ಮಗಳು ಬನಶಂಕರಿಗೆ,

ನಿನ್ನ ಅವ್ವನ ಆಶೀರ್ವಾದ. ಇಲ್ಲಿ ನಾವೆಲ್ಲ ಬಸವಣ್ಣನ ದಯದಿಂದ ಆರಾಮ ಅದೀವಿ. ನೀನೂ ಬಾಗಲಕೋಟಿಯೊಳಗ ದವಾಖಾನಿ ಡ್ಯೂಟಿ ಅಂತ ಊಟ ಬಿಡದ, ಹೊತ್ತಿಗೆ ಸರಿಯಾಗಿ ಉಂಡು ಆರಾಮ ಇದ್ದಿ ಅಂತ ತಿಳಕೊಂಡೇನಿ. ನಿನ್ನ ಪತ್ರ ಬಂದು ಹದಿನೆಂಟು ದಿನ ಆತು. ಉತ್ತರ ತಡಾ ಆತಂತ ಸಿಟ್ಟಾಗಬ್ಯಾಡವ್ವಾ. ಸಾಲಿ ಹುಡುಗರಿಗೆ ಪತ್ರ ಬರಿಯೂದು ಕಲಿಸಾಕಿ ನಾ, ಸ್ವಂತ ಮಗಳಿಗೆ ಬರಿಯಾಕ ಕುಂತ್ರ ಕೈ ಓಡವಲ್ದು.

ಬೀಗರು ಮದುವಿಯೊಳಗ ನಿನ್ನ ಹೆಸರು ಬದಲಿ ಮಾಡಿ ಸುನಂದಾ ಅಂತ ಇಡ್ತಾರಂತ ಬರದಿ. ಬನಶಂಕರಿ ಅನ್ನೂದು ಹಳೇ ಕಾಲದ್ದಾತಂತ. "ದವಾಖಾನಿಯೊಳಗ ಸಿಸ್ಟರ್ ಬನಶಂಕರಿ, ಮನಿಯಾಗ ಸುನಂದಾ. ನೀನೂ ಹಂಗ ಬಾಳೇವು ಮಾಡಿಯಲ್ಲವ್ವಾ, ಹೋಗೂದೇನೈತಿ? ಹೂಂ ಅನ್ಲೇನು?" ಅಂತ ಕೇಳಿದಿ. ತಡಿ, ಮೊದಲ ನನ್ನ ಸುದ್ದಿ ಹೇಳ್ತೇನಿ.

ನಾ ಹೆಡ್ ಬಾಯಾರು ಆದೆ. ಕುಳಗೇರಿ ಕ್ರಾಸಿನ ನಮ್ಮ ಸಾಲಿಗೇ. ಆರ್ಡರ್ ಜೂನದಾಗ ಬಂದಿತ್ತು, ಆದ್ರ ಕಚೇರಿ ಗುಮಾಸ್ತರು ಕಾಗದ ತಡದು ಕುಂತ್ರು. ಸರ್ವಿಸ್ ಬುಕ್ಕಿನಾಗ, ಹಾಜರಿ ಪುಸ್ತಕದಾಗ ನಾ ಗುರುಲಿಂಗವ್ವ. ರೇಷನ್ ಕಾರ್ಡು, ಮತದಾರರ ಯಾದಿ, ಅವೆಲ್ಲಾದರಾಗೂ ಇಂದ್ರಾಬಾಯಿ. "ಬಾಯಾರ, ಈ ಇಬ್ಬರೊಳಗ ಬಡ್ತಿ ಯಾರಿಗೆ ಕೊಡೂಣ್ರಿ?" ಅಂತ ನಕ್ಕರು. ನನಗ ನಗು ಬರಲಿಲ್ಲ. ಸರ್ವಿಸ್ ಬುಕ್ಕಿನಾಗೂ ಇಂದ್ರಾಬಾಯಿ ಅಂತ ಮಾಡಿಸಿಬಿಡ್ರಿ, ಹಗುರಾಗ್ತೈತಿ ಅಂತ ಅವರೇ ದಾರಿ ತೋರಿಸಿದ್ರು. ಇಪ್ಪತ್ನಾಕು ವರ್ಷ ನಾ ಮುಂಜಾನೆ ಬಸ್ ಹತ್ತಿ ಗುರುಲಿಂಗವ್ವ ಆಗಿ, ಸಂಜಿಕ ಬಾದಾಮಿಯೊಳಗ ಇಳದ ಕೂಡ್ಲೆ ಇಂದ್ರಾಬಾಯಿ ಆದಾಕಿ. ಅವತ್ತು ಸಾಕಾತು ನೋಡು. "ಆಗೂದಿಲ್ರಿ. ಉಳಿದದ್ದನ್ನೆಲ್ಲಾ ನನ್ನ ಹೆಸರಿಗೆ ಮಾಡಿಸ್ತೇನಿ" ಅಂದೆ. ಅವರು ಕನ್ನಡಕದ ಮ್ಯಾಲಿಂದ ನನ್ನ ನೋಡಿದ್ರು.

ನನ್ನ ಹೆಸರು ಯಾಕ ಬದಲಾತು ಅಂತ ನಿಂಗ ಯಾರೂ ಹೇಳಿರಲಿಕ್ಕಿಲ್ಲ. ನಿಮ್ಮಜ್ಜಿ ಶಿವಲಿಂಗವ್ವನ ಅತ್ತಿ ಹೆಸರೂ ಗುರುಲಿಂಗವ್ವ. ಆ ಹಿರ್ಯಾಕಿ ನಾ ಬರೂಕಿಂತ ಎರಡು ವರ್ಷ ಮೊದಲ ತೀರಿದ್ಲು. ತೀರಿದ್ರೂ ಅತ್ತಿ ಹೆಸರು ಸೊಸಿ ಬಾಯಾಗ ಬರಬಾರದು. ಹಂಗಾದ್ರ ಹೊಸಾ ಸೊಸಿನ್ನ ನಿಮ್ಮಜ್ಜಿ ಏನಂತ ಕೂಗಬೇಕು? ಅದಕ್ಕ ಪರಾತದಾಗ ಅಕ್ಕಿ ಹರವಿ ನಿಮ್ಮಪ್ಪನ ಬೆರಳಿಲೆ ಇಂದ್ರಾಬಾಯಿ ಅಂತ ಬರಸಿದ್ರು. ಬರದದ್ದನ್ನ ನಾನೇ ಎಲ್ಲಾರಿಗೂ ಓದಿ ಹೇಳಿದೆ, ಅಲ್ಲಿದ್ದ ಹೆಣ್ಣುಮಕ್ಕಳೊಳಗ ಓದಾಕ ಬರತಿದ್ದದ್ದು ನನಗೊಬ್ಬಾಕಿಗೆ. ಹೌದೋ ಅಲ್ಲೋ ಅಂತ ನನ್ನ ಯಾರೂ ಕೇಳಲಿಲ್ಲ.

ಇರಲಿ. ನಾನೂ ನಿಮ್ಮಪ್ಪಾರೂ ಕೋರ್ಟಿನ ಮುಂದ ಛಾಪಾ ಕಾಗದ ಬರಿಯೂ ಮೀರಾಸಾಬರ ಕಡೆ ಹೋದಿವಿ. ಅಫಿಡವಿಟ್ ಬರಕೋತ ಅವರು, "ಬಾಯಾರ, ಹೊಸಾ ಹೆಸರು ಬೇಕಂತ ಬರೂ ಮಂದಿನ್ನ ಭಾಳ ನೋಡೇನ್ರಿ. ಹುಟ್ಟಿದ ಹೆಸರೇ ಬೇಕಂತ ಬಂದಾರು ನೀವೊಬ್ಬರೇ" ಅಂದ್ರು. ನಿಮ್ಮಪ್ಪಾರು ಮೀಸಿಯೊಳಗ ನಕ್ಕೋತ ಸಾಕ್ಷಿ ಸಹಿ ಮಾಡಿದ್ರು. ಹೊಳ್ಳಿ ಬರೂ ಮುಂದ ಹೋಟೆಲ್ ಎದುರು ನಿಂತು, "ಗುರುಲಿಂಗವ್ವಾರ, ಚಹಾ ಕುಡಿಯೂಣೇನ್ರಿ?" ಅಂತ ಕೇಳಿದ್ರು. ನಲವತ್ನಾಕು ವರ್ಷದಾಕಿಗೆ ನಾಚಿಕಿ ಬಂತು ನೋಡವ್ವಾ.

ಪೇಪರಿನಾಗ ಜಾಹೀರಾತು ಹಾಕಿಸಿದಿವಿ, ಗೆಜೆಟ್ಟಿಗೆ ಕಳಿಸಿದಿವಿ. ಹೋದ ವಾರ ಅಚ್ಚಾಗಿ ಬಂತು. "ಇಂದ್ರಾಬಾಯಿ ಎಂದು ಕರೆಯಲ್ಪಡುತ್ತಿದ್ದ ನಾನು ಇನ್ನು ಮುಂದೆ ಎಲ್ಲ ವ್ಯವಹಾರಗಳಲ್ಲಿ ಗುರುಲಿಂಗವ್ವ ಎಂದೇ" ಅಂತ ಐತಿ. ಅಡಗಿ ಮನಿಯಾಗ ನಿಂತು ನಾಕು ಸಲ ದನಿ ತಗದು ಓದಿದೆ, ರೊಟ್ಟಿ ಸೀದು ಹೋತು. ಅದನ್ನ ತೋರಿಸಿದ ಮ್ಯಾಲೆ ಗುಮಾಸ್ತರು ಆರ್ಡರ್ ಕೈಗೆ ಕೊಟ್ರು. ಮರುದಿನ ಪೇಂಟರ್ ಜಹಾಂಗೀರ ಹೆಡ್ ಬಾಯಾರ ಬೋರ್ಡು ಬರಿಯಾಕ ಬಂದು ಅಕ್ಷರ ಎಷ್ಟು ದೊಡ್ಡು ಇರ್ಲಿ ಅಂತ ಕೇಳಿದ. ರೋಡಿನ ಮ್ಯಾಲೆ ಹೋಗೂ ಬಸ್ಸಿನ್ಯಾಗ ಕುಂತಾವಗ ಕಾಣಬೇಕು ಅಂದೆ. ಸೊಕ್ಕು ಅಂತಿಯೇನು? ಸೊಕ್ಕೇ ಅನ್ನು. ಇಷ್ಟು ವರ್ಷ ದುಡದಾಕಿಗೆ ಇಷ್ಟರ ಸೊಕ್ಕು ಬ್ಯಾಡೇನು?

ನಿಮ್ಮಜ್ಜಿಗೆ ಹೆದರಿಕೋತ ಹೇಳಿದೆ. ಮರುದಿನ ನಾ ಸಾಲಿಗೆ ಹೊಂಟಾಗ, "ನಮ್ಮತ್ತಿ ಹೆಸರು ನನ್ನ ಬಾಯಾಗ ಬರೂದಿಲ್ಲವ್ವಾ. ಹೆಡ್ ಬಾಯಾರು ಅಂತೇನಿ, ನಡೀತೈತಿಲ್ಲೋ?" ಅಂದ್ಲು. ಈಗ ಓಣಿಗೆಲ್ಲ ಕೇಳೂ ಹಂಗ ಕೂಗ್ತಾಳ, "ಹೆಡ್ ಬಾಯಾರ, ಸಾರಿಗೆ ಉಪ್ಪು ಹಾಕೀರೇನ್ರಿ?" ಅಂತ. ಆಕಿ ಮ್ಯಾಲೆ ನನಗ ಎಷ್ಟು ಜೀವ ಐತಿ ಅಂತ ನಿಂಗ ಗೊತ್ತು.

ಇನ್ನ ನಿನ್ನ ಮಾತು. ಬೀಗರು ಕೆಟ್ಟ ಮಂದಿಯಲ್ಲ, ಸುನಂದಾ ಅನ್ನೂದೂ ಚಲೋ ಹೆಸರೇ. ಆದ್ರೂ ನನ್ನ ಕೇಳಿದ್ರ ಬ್ಯಾಡ ಅಂತೇನಿ. ನಾ ಹಂಗ ಬಾಳೇವು ಮಾಡೇನಿ ಖರೆ, ಮಾಡಿ ನೋಡಿದಾಕಿ ಅಂತಲೇ ಹೇಳಾಕತ್ತೇನಿ. ನೀ ಬ್ಯಾಡ ಅಂದ್ರ ಮುಂದಿನ ರವಿವಾರ ನಾನೂ ನಿಮ್ಮಪ್ಪಾರೂ ಬೀಗರ ಮನಿಗೆ ಹೋಗಿ ಮಾತಾಡ್ತೀವಿ, ಜಗಳಾ ಆಗೂದಿಲ್ಲ, ಅದು ನನಗ ಬಿಡು. ಹೂಂ ಅಂದ್ರ ಅದಕ್ಕೂ ನನ್ನ ಮಾರಿ ಸಣ್ಣದಾಗೂದಿಲ್ಲ. ಹೆಸರು ನಿಂದು, ಹೇಳಾಕಿ ನೀ. ಟಪಾಲಿನಾಗ ಬ್ಯಾಗನ ತಿಳಸು.

ನಿನ್ನ ಕೈಗುಣ ಚಲೋ ಐತಿ ಅಂತ ಬಾಗಲಕೋಟಿಗೆ ಹೋಗಿ ಬಂದಾರೆಲ್ಲ ಹೇಳ್ತಾರ. ಹಿಂಗ ಹತ್ತು ಮಂದಿ ಬಾಯಾಗ ಇರು, ನೂರು ವರ್ಷ ಬಾಳು, ನಗಕೋತ ಇರು ಮಗಳ.

ನಿನ್ನ ಅವ್ವ,
ಗುರುಲಿಂಗವ್ವ

ತಾ.ಕ.: ಇದನ್ನ ಓದಿ ಹರದು ಹಾಕು, ಅಜ್ಜಿಗೆ ಎಂದೂ ತಿಳೀಬಾರದು. ಹದಿನಾಕು ವರ್ಷದ ಹಿಂದ ನಿನ್ನ ಗುಡೂರ ಅಜ್ಜ, ನನ್ನ ಅಪ್ಪ, ತೀರಿದಾಗ ನಾ ಮಣ್ಣಿಗೆ ಹೋಗಲಿಲ್ಲ. ತಂತಿ ಕಳದು ಹೋತು ಅಂತ ನಿನಗ ಹೇಳೇನಿ. ಸುಳ್ಳು. ತಂತಿ ನಮ್ಮ ಬಾಗಿಲಿಗೆ ಬಂದಿತ್ತು. ನಿಮ್ಮ ಮಾವ ಹೊಳಬಸಪ್ಪ, ನಮ್ಮಣ್ಣ, ತಾ ಸಣ್ಣಂವ ಇದ್ದಾಗಿಂದ ಕರದ ಹೆಸರೇ ಹಾಕಿ ಕಳಿಸಿದ್ದ. ಬ್ಯಾಸಗಿ ಸೂಟಿ ಇತ್ತು. ನಿಮ್ಮಪ್ಪಾರು ಊರಾಗಿರಲಿಲ್ಲ, ನಾ ಹಿತ್ತಲದಾಗ ಶ್ಯಾವಿಗಿ ಹೊಸೀತಿದ್ದೆ. ಹೊಸಾ ತಂತಿಯವ ಬಾಗಿಲಾಗ ನಿಂತು ಗುರುಲಿಂಗವ್ವ ಅದಾರೇನ್ರಿ ಅಂತ ಕೇಳಿದ. ನಿಮ್ಮಜ್ಜಿ ತನ್ನ ಅತ್ತಿನ್ನ ಕೇಳಾಕತ್ತಾನ ಅಂತ ತಿಳದು, "ಆಕಿ ತೀರಿ ಹನ್ನೆರಡು ವರ್ಷಾತಪ್ಪಾ" ಅಂದು ಹೊಳ್ಳಿ ಕಳಿಸಿದ್ಲು. ಯಾರು ಬಂದಿದ್ರು ಅಂತ ನಾ ಒಳಗಿಂದ ಕೇಳಿದೆ. ಯಾವನೋ ದಾರಿ ತಪ್ಪಿ ಬಂದಿದ್ದ ಅಂದ್ಲು. ಮಣ್ಣಾದ ಸುದ್ದಿ ಬಂದ ಮ್ಯಾಲೆ ತಂತಿಯವನ್ನ ಹುಡುಕಿ ಕೇಳಿದಾಗ ನನಗ ತಿಳೀತು. ನಿಮ್ಮಜ್ಜಿಗೆ ಇಂದಿಗೂ ಗೊತ್ತಿಲ್ಲ, ಆಕಿದೇನೂ ತಪ್ಪಿಲ್ಲ. ಗುಡೂರಾಗ ಹೊತ್ತು ಮುಳುಗೂತನ ನನ್ನ ದಾರಿ ಕಾದು ಮಣ್ಣು ಮಾಡಿದ್ರಂತ. ಅಪ್ಪನ ಮಾರಿ ನಾ ನೋಡಲಿಲ್ಲ.

ಬನಶಂಕರಿ, ನಾಳೆ ನನಗೇನರ ಆದ್ರ ನಿನ್ನ ಅತ್ತಿ ಮನಿಗೂ ಒಂದು ತಂತಿ ಬರ್ತೈತಿ. ನಿಮ್ಮಪ್ಪಾರು ಆ ಗಡಿಬಿಡಿಯೊಳಗ ಬನಶಂಕರಿ ಅಂತಲೇ ಬರಸ್ತಾರ. ಆವಾಗ ಆ ಬಾಗಿಲಾಗ "ಅದಾಳ್ರಿ, ಒಳಗ ಅದಾಳ" ಅನ್ನೋರು ಇರಬೇಕು.