ಹುಳ ತಿಂದ ಅಣಬೆ

ತಮ್ಮಾ,

ನೀನು ಇನ್ನೂ ಎದ್ದಿಲ್ಲ, ನಾನು ಹೊರಟೆ.

ನಿನ್ನೆ ನೀನು ಸಿಂಕಿನ ಪಕ್ಕ ತಂದಿಟ್ಟ ಅಣಬೆಯ ಬುಟ್ಟಿಯನ್ನು ಹಿತ್ತಲಲ್ಲಿ ಇಟ್ಟಿದ್ದೇನೆ. ಒಂದನ್ನು ಮುರಿದು ನೋಡಿದೆ. ಒಳಗೆ ಬಿಳಿಯ ಹುಳುಗಳು ಗಿಜಿಗುಡುತ್ತಿದ್ದವು. ಸೋಪು ಹಚ್ಚಿ ಮೂರು ಸಲ ತೊಳೆದರೂ ಬೆರಳಿನ ಲೋಳೆ ಹೋಗಿಲ್ಲ.

ಮಧ್ಯಾಹ್ನ ಇದನ್ನೇ ಮಕ್ಕಳ ತಟ್ಟೆಗೆ ಬಡಿಸುವವನಿದ್ದೆಯಲ್ಲ! ಗುಂಡಿ ತೋಡಿ ಬುಟ್ಟಿಯ ಸಮೇತ ಹೂತುಬಿಡು. ಅಣಬೆ ಕೊಯ್ದ ಚಾಕುವನ್ನು ಬಿಸಿನೀರಿನಲ್ಲಿ ತೊಳೆ. ಎಲೆ ಉದುರುವ ಈ ಕಾಲದಲ್ಲಿ ಬೇಲಿಯ ಬುಡದಲ್ಲಿ ತಲೆಯೆತ್ತಿದ್ದೆಲ್ಲವೂ ಆಹಾರವಲ್ಲ.

"ಹುಳ ತಿಂದಿದ್ದನ್ನ ನಾವೂ ತಿನ್ನಬಹುದು, ಅಣ್ಣನ ನೋಟ್‌ಬುಕ್ಕಲ್ಲೇ ಇದೆ" ಎಂದು ನಿನ್ನ ಅತ್ತಿಗೆಯ ಬಳಿ ವಾದಿಸಿದೆಯಂತೆ. ಇದೆ, ನಿಜ. ಸೂಲಗಿತ್ತಿ ಅಜ್ಜಿ ಹೇಳಿದ ಕಥೆಯಲ್ಲಿ ಕಾಡುಪಾಲಾದ ರಾಜಕುಮಾರ ಹುಳ ಕಚ್ಚಿದ ಅಣಬೆಗಳನ್ನೇ ಆರಿಸಿ ತಿಂದು ಬದುಕುತ್ತಾನೆ. ನಾನು ಜನಪದ ಕಥೆ ಸಂಗ್ರಹಿಸುವವನು, ಕೇಳಿದ್ದನ್ನು ಕೇಳಿದಂತೆಯೇ ಬರೆದುಕೊಳ್ಳುತ್ತೇನೆ. ಅದನ್ನು ಅಡುಗೆ ಪುಸ್ತಕವೆಂದು ಓದಿದವನು ನೀನೊಬ್ಬನೇ. ಪುಟ ತಿರುವಿದ್ದರೆ ಮುಂದಿನದೂ ಕಾಣುತ್ತಿತ್ತು. "ನೀವೂ ಹಾಗೆ ತಿಂದಿದ್ದೀರಾ ಅಜ್ಜಿ?" ಎಂದು ನಾನು ಕೇಳಿದ್ದೆ. ಆಕೆಯ ಉತ್ತರವನ್ನೂ ಬರೆದಿಟ್ಟಿದ್ದೇನೆ:

"ಥೂ, ನಂಗೇನು ತಲೆ ಕೆಟ್ಟಿದ್ಯಾ? ತಿಂದಿದ್ರೆ ನಿಂಗೆ ಕಥೆ ಹೇಳೋಕೆ ಯಾರಿರ್ತಿದ್ರು ಮಗಾ?"

ಅಣ್ಣ