ಗುಡಿಸದೆ ಬಿಟ್ಟ ಅಂಗಳ

ಕೊಳ್ಳೇಗಾಲ
ಶನಿವಾರ, 12-9-1998

ಪ್ರೀತಿಯ ಅವ್ವನಿಗೆ,

ನಿನ್ನ ದೀಪ ಮಾಡುವ ನಮಸ್ಕಾರ. ಸ್ಕೂಲ್ ಹಾಸ್ಟೆಲಿನಲ್ಲಿ ಕಲಿಸಿದ ಹಾಗೆ ಇಷ್ಟು ವರ್ಷ ‘ಮಮ್ಮಿ’ ಅಂತಲೇ ಬರೆದೆ. ಇವತ್ತು ಕೈ ತಾನಾಗಿಯೇ ಅವ್ವ ಅಂತ ಬರೆಯಿತು, ಹೊಡೆದು ಹಾಕಲಿಲ್ಲ. ಈ ಕಾಗದ ನೀನೇ ಓದಬೇಕು. ಸಾಕ್ಷರತಾ ಕ್ಲಾಸಿನಲ್ಲಿ ಕಲಿತದ್ದು ಮರೆತಿಲ್ಲ ತಾನೆ? ಅಕ್ಷರ ದೊಡ್ಡದಾಗಿ, ಬಿಡಿಬಿಡಿಯಾಗಿ ಬರೆದಿದ್ದೇನೆ. ಪಕ್ಕದ ಮನೆ ಪುಟ್ಟಮಾದಮ್ಮನ ಮಗನ ಕೈಲಿ ಓದಿಸಬೇಡ, ನಮ್ಮ ಗೋಪಿನಾಥಂ ಊರಿಗೆಲ್ಲ ಡಂಗುರ ಹೊಡೆಯುತ್ತಾನೆ.

ನಾನು ಚೆನ್ನಾಗಿದ್ದೇನೆ. ಕಾಲೇಜು ಚೆನ್ನಾಗಿದೆ. ಹಾಸ್ಟೆಲ್ ಊಟ ಚೆನ್ನಾಗಿದೆ. ರೂಮಿನಲ್ಲಿ ನಾನು, ಸತ್ತೇಗಾಲದ ಯಶೋದ, ಧನಗೆರೆಯ ರತ್ನ ಇದ್ದೇವೆ.

ಇಷ್ಟು ಬರೆದು ಪೆನ್ನು ಮುಚ್ಚಿಟ್ಟಿದ್ದೆ. ಮತ್ತೆ ತೆಗೆದಿದ್ದೇನೆ. ಅಷ್ಟೇನೂ ಚೆನ್ನಾಗಿಲ್ಲ ಅವ್ವ. ಜೂನಿನಿಂದ ಓದಲು ಕೂತರೆ ಒಂದೇ ಯೋಚನೆ ಬರುತ್ತದೆ. ಹೇಳಿದರೆ ನಗುತ್ತೀಯ. ನಮ್ಮ ಅಂಗಳದಲ್ಲಿ ಬಿದ್ದಿರುವ ಕಡ್ಲೇಕಾಯಿ ಸಿಪ್ಪೆ! ಅಕೌಂಟೆನ್ಸಿ ಕ್ಲಾಸಿನಲ್ಲೂ ಅದೇ, ಸ್ನಾನಕ್ಕೆ ಕ್ಯೂ ನಿಂತಾಗಲೂ ಅದೇ. ಮೊದಲನೇ ಟೆಸ್ಟಿನಲ್ಲಿ ಪೇಪರ್ ಮುಂದಿಟ್ಟುಕೊಂಡು ಸುಮ್ಮನೆ ಕೂತು ಎದ್ದು ಬಂದೆ. ಎಷ್ಟು ಟೆನ್ಶನ್ ಆಯಿತೆಂದರೆ, ತಲೆ ಕೆಟ್ಟಿತು ಅಂತಲೇ ಅಂದುಕೊಂಡೆ.

ಕನ್ನಡ ಪಾಠ ಮಾಡುವ ಶಿವನಂಜಯ್ಯ ಮೇಷ್ಟ್ರು ಕರೆದು ವಿಚಾರಿಸಿದರು. ನಾಚಿಕೊಂಡು ಹೇಳಿದೆ. ಅವರು ನಗಲಿಲ್ಲ. “ಓಡಿಸ್ಬೇಡ ಕಣವ್ವ, ಓಡಿಸ್ದಷ್ಟೂ ಬತ್ತದೆ. ಬಾಗ್ಲಿಗೆ ನೆಂಟ್ರು ಬಂದ್ರೆ ನೀರ್ ಕೊಟ್ಟು ಕೂರಿಸಲ್ವಾ? ಅಂಗೇ ಕೂರಿಸ್ಬುಟ್ಟು, ಏನ್ ಬಂದ್ಯಪ್ಪಾ ಅಂತ ಕೇಳು” ಅಂದರು. “ಸಾರ್, ಸಿಪ್ಪೆ ಏನು ಹೇಳುತ್ತೆ?” ಅಂದೆ. “ನೀನ್ ಕೇಳಿದ್ಯಾ?” ಅಂದರು.

ಕೇಳಿರಲಿಲ್ಲ. ಆಮೇಲೆ ಅದು ಬಂದಾಗಲೆಲ್ಲ ಪುಸ್ತಕ ಮುಚ್ಚಿ ಅದನ್ನೇ ನೋಡುತ್ತಾ ಕೂತೆ. ನೋಡುತ್ತಾ ನೋಡುತ್ತಾ ಸಿಪ್ಪೆಯ ಸುತ್ತ ಅಂಗಳ ಕಂಡಿತು. ಉದುರಿದ ಹುಣಸೆ ಎಲೆ, ಮೇಕೆ ಹಿಕ್ಕೆ, ತುಳಿದು ಅಳಿಸಿಹೋದ ರಂಗೋಲಿ. ಆರನೇ ಕ್ಲಾಸಿನಲ್ಲಿ ರಜೆ ಮುಗಿಸಿ ನಾನು ಸ್ಕೂಲ್ ಹಾಸ್ಟೆಲಿಗೆ ಹೊರಟ ದಿನ ಅದು. ನೆನಪಿದೆಯಾ? ಜಗಲಿಯಲ್ಲಿ ಕೂತು ಕಡ್ಲೇಕಾಯಿ ತಿಂದು, ಸಿಪ್ಪೆಯನ್ನು ಅಂಗಳಕ್ಕೆ ಎಸೆದು ಬೆಳಗಿನ ಬಸ್ ಹತ್ತಿದೆ. ಹಳ್ಳ ತುಂಬಿ ಬಸ್ಸು ವಾಪಸ್ ಬಂತು. ಮಧ್ಯಾಹ್ನ ಮನೆಗೆ ಬಂದರೆ ಸಿಪ್ಪೆ ಬಿದ್ದಲ್ಲೇ ಇತ್ತು. ಒಂದು ಎಲೆ ಬಿದ್ದರೂ ಸಹಿಸದ ನೀನು ಪೊರಕೆ ಮುಟ್ಟಿರಲಿಲ್ಲ. ಬೇಲಿಯಾಚೆಯಿಂದ ಪುಟ್ಟಮಾದಮ್ಮ, “ನೋಡವ್ವ ದೀಪಾ, ನೀ ಬಸ್ ಅತ್ತಿದ್ ದಿನ ನಿಮ್ಮವ್ವನ ಅಂಗ್ಳ ಕುರಿದೊಡ್ಡಿ ಕಣವ್ವ! ನಾನೇ ಗುಡಿಸ್ಲಾ ಅಂದ್ರೆ ಕಚ್ಚಾಕ್ ಬತ್ತಾಳೆ” ಅಂದು ನಕ್ಕಳು. ನೀನು ನಗಲಿಲ್ಲ. “ಈಗ ಬಂದ್ಯಲ್ಲ ಮಗಾ, ಗುಡಿಸ್ತೀನಿ ಬುಡು” ಅಂದು ಪೊರಕೆ ತಗೊಂಡೆ.

ನನಗೆ ಅರ್ಥವಾಗಿದ್ದೇ ಬೇರೆ. ನಾನು ಹೋದರೆ ನಿನಗೆ ಒಂದು ದಿನ ಆರಾಮ, ಅದಕ್ಕೇ ಕೆಲಸ ಬಿಟ್ಟು ಕೂರುತ್ತೀಯ ಅಂದುಕೊಂಡೆ. ಆಮೇಲೆ ಕಾಡಿನಲ್ಲಿ ಕಾಡುಗಳ್ಳರ, ಪೊಲೀಸರ ಗಲಾಟೆ ಜಾಸ್ತಿಯಾಯಿತು. ರಜೆಗೂ ನನ್ನನ್ನು ಯಳಂದೂರಿನ ಚಿಕ್ಕಮ್ಮನ ಮನೆಗೇ ಕಳಿಸಿದೆ. ಅಲ್ಲಿಗೇ ಬಂದು ನನ್ನ ತಲೆ ಬಾಚಿ ಹೋಗುತ್ತಿದ್ದೆ. ಊರಿಗೆ ಬಾ ಅಂತ ಮಾತ್ರ ಒಂದು ಸಲವೂ ಅನ್ನಲಿಲ್ಲ. ಕರೆಯದ ಮನೆಗೆ ಹೇಗೆ ಬರಲಿ ಅಂತ ನಾನೂ ಕೇಳಲಿಲ್ಲ.

ಈ ಬುಧವಾರ ಯಶೋದ ಪಿತೃಪಕ್ಷದ ಹಬ್ಬಕ್ಕೆ ಊರಿಗೆ ಹೊರಟಳು. ಅವಳು ಗೇಟು ದಾಟುತ್ತಿದ್ದಂತೆ ನಾನು ಪೊರಕೆ ಹಿಡಿದೆ. ಸ್ಕೂಲ್ ಹಾಸ್ಟೆಲಿನಲ್ಲಿ ಅದೇ ರೂಲ್, ಯಾರೇ ಹೋಗಲಿ, ಕೂಡಲೇ ಹಾಸಿಗೆ ಕೊಡವಿ ನೆಲ ಕ್ಲೀನ್ ಮಾಡಬೇಕು. ರತ್ನ ಓಡಿ ಬಂದು ಕಿತ್ತುಕೊಂಡಳು. “ಲೇ ಇಂಗ್ಲಿಷ್ ರಾಣಿ, ನಿಂಗೇನ್ ಬುದ್ಧಿ ಇಲ್ವೇನೇ? ಅವ್ಳಿನ್ನೂ ಬಸ್ಟ್ಯಾಂಡೂ ಸೇರಿಲ್ಲ! ಒಂಟವ್ರು ಊರ್ ಸೇರೋಗಂಟ ಗುಡಿಸ್ಬಾರ್ದು ಕಣೇ. ಗುಡಿಸಿದ್ರೆ, ಇನ್ ನೀ ತಿರುಗಿ ಬರ್ಬೇಡ ಅಂದಂಗೆ. ನಿಮ್ಮವ್ವ ಏಳ್ಕೊಟ್ಟಿಲ್ವಾ?”

ಹೇಳಿಕೊಡಲು ನಾನು ನಿನ್ನ ಹತ್ತಿರ ಎಲ್ಲಿದ್ದೆ ಅವ್ವ? ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಸಿಪ್ಪೆ ಯಾಕೆ ನನ್ನ ಹಿಂದೆ ಸುತ್ತುತ್ತಿತ್ತು ಅಂತ ಆಗ ಗೊತ್ತಾಯಿತು. ನೀನು ಬಾ ಅಂದಿದ್ದರೆ ನಾನು ಆ ಗಲಾಟೆಯ ನಡುವೆಯೂ ಬಂದೇಬಿಡುತ್ತಿದ್ದೆ. ಅದಕ್ಕೆ ನೀನು ಬಾಯಿ ಬಿಗಿಹಿಡಿದೆ. ಅದಕ್ಕೂ ಮೊದಲು, ನಾನು ಬಸ್ ಹತ್ತಿದಾಗಲೆಲ್ಲ ಅಂಗಳ ಹಾಗೇ ಬಿಟ್ಟು ಕಾದೆ. ಮಾರನೇ ದಿನ ಕಂಡಕ್ಟರ್ ಚಿಕ್ಕಸಿದ್ದಯ್ಯ ಬಂದು, ಮಗಳನ್ನು ಇಳಿಸಿ ಬಂದೆ ಅನ್ನುವವರೆಗೂ ಕಾಯುತ್ತಿದ್ದೆಯಾ? ಹೌದು ಅಂತ ಒಂದೇ ಒಂದು ಮಾತು ಬರಿ, ಸಾಕು.

ದಸರಾ ರಜೆಗೆ ಬರುವುದಿಲ್ಲ ಅಂತ ಚಿಕ್ಕಮ್ಮನಿಗೆ ಕಾರ್ಡ್ ಹಾಕಿದ್ದೇನೆ. ಹನೂರಿನಲ್ಲಿ ಬಸ್ಸು ಬದಲಾಯಿಸಿ ಊರಿಗೇ ಬರುತ್ತೇನೆ. ನೀನು ಕರೆಯದಿದ್ದರೂ ಬರುತ್ತೇನೆ. ಓದು ಪರವಾಗಿಲ್ಲ. ಸಿಪ್ಪೆ ಈಗಲೂ ಬರುತ್ತದೆ, ಪಕ್ಕದಲ್ಲಿ ಕೂರಿಸಿಕೊಂಡೇ ಓದುತ್ತೇನೆ. ಊಟದ ವಿಷಯ ಸುಳ್ಳು. ಇಲ್ಲಿಯ ಸಾರು ಬರೀ ನೀರು. ನಿನ್ನ ಹುರುಳಿ ಸಾರು, ಮುದ್ದೆ ಬೇಕು. ಅಪ್ಪನಿಗೆ ನಮಸ್ಕಾರ ತಿಳಿಸು.

ಬರುವ ದಾರಿಯಲ್ಲೇ ಇರುವ ನಿನ್ನ ಮಗಳು,
ದೀಪ

ಮರೆತದ್ದಲ್ಲ, ಬರೆಯಲು ಹೆದರಿ ಬಿಟ್ಟದ್ದು: ಜೂನಿನಲ್ಲಿ ನನ್ನನ್ನು ಇಲ್ಲಿಗೆ ಸೇರಿಸಲು ಬಂದಿದ್ದೆಯಲ್ಲ, ಮಂಚದ ಮೇಲೆ ಕೂತು ನನಗೆ ಕಡ್ಲೇಕಾಯಿ ಸುಲಿದು ಸುಲಿದು ಕೊಟ್ಟೆ. ನೀನು ಹೊರಟು ಮೆಟ್ಟಿಲು ಇಳಿಯುತ್ತಿದ್ದಂತೆಯೇ ನಾನು ಸಿಪ್ಪೆಯೆಲ್ಲ ಗುಡಿಸಿಬಿಟ್ಟೆ. ಪೊರಕೆ ಸದ್ದಿಗೆ ನಿನ್ನ ಕಾಲು ಮೆಟ್ಟಿಲ ಮೇಲೆ ಒಂದು ಗಳಿಗೆ ನಿಂತಿತು. ಏನೋ ಮರೆತಿರಬೇಕು ಅಂದುಕೊಂಡೆ. ನೀನು ಇಳಿದು ಹೋದೆ. ಆಮೇಲೆ ಈ ಕಡೆ ಬರಲೇ ಇಲ್ಲ. ನನಗೆ ಗೊತ್ತಿರಲಿಲ್ಲ ಅವ್ವ. ರಜೆ ಮುಗಿದ ಮೇಲೆ ನನ್ನನ್ನು ಬಿಡಲು ನೀನೂ ಬಾ.