ಲಾರಿಯ ಮುಖ ತೊಳೆದವರು ಯಾರು

ಮನೆ, ಹಿಂಬಾಗಿಲ ಮೆಟ್ಟಿಲು
ಬುಧವಾರ, ಹನ್ನೊಂದನೇ ತಾರೀಖು, ಬೆಳಿಗ್ಗೆ ಹತ್ತೂವರೆ

ರೀ,

ಮುಂದೆ "ಪ್ರೀತಿಯ" ಅಂತ ಸೇರಿಸಲು ಹೋದೆ, ಕೈ ಏಳಲಿಲ್ಲ. ಯಾಕೆಂದು ಕೆಳಗೆ ಬರೆಯುತ್ತೇನೆ. ಮೊದಲು ಕ್ಷೇಮ ಸಮಾಚಾರ. ಭಾವನವರ ಆಪರೇಷನ್ ಹೊಲಿಗೆ ಬಿಚ್ಚಿದರೇ? ಕೆಮ್ಮಿದಾಗ ಹೊಟ್ಟೆಗೆ ದಿಂಬು ಒತ್ತಿ ಹಿಡಿಯಬೇಕು ಎಂದು ಅವರಿಗೆ ಹೇಳಿ. ಅಣ್ಣ ಮಲಗಿದ್ದಾನೆ, ಹತ್ತು ದಿನ ಜೊತೆಗಿದ್ದು ಬರುತ್ತೇನೆ ಎಂದು ಹೊರಟಿರಲ್ಲ, ಜೊತೆಗೇ ಇದ್ದೀರಿ ತಾನೇ? ನಿಮ್ಮ ಬಿ.ಪಿ. ಮಾತ್ರೆ ದಿನಾ ನುಂಗುತ್ತಿದ್ದೀರೋ, ಇಲ್ಲಿ ಮಾಡುವ ಹಾಗೆ ಜೇಬಿನಲ್ಲಿಟ್ಟು ಮರೆಯುತ್ತೀರೋ? ನಾನು ಚೆನ್ನಾಗಿದ್ದೇನೆ. ನಿದ್ದೆಯೊಂದು ಬಿಟ್ಟು ಎಲ್ಲ ಸರಿಯಾಗಿದೆ. ಇದನ್ನೆಲ್ಲ ಫೋನಿನಲ್ಲೇ ಕೇಳಬಹುದಿತ್ತು. ಆದರೆ ಬೇಡದ ಮಾತು ಬಂದ ಕೂಡಲೇ ನಿಮಗೆ "ಹಲೋ, ಹಲೋ, ಕೇಳಿಸ್ತಾ ಇಲ್ಲ ಕಣೇ" ಆಗಿಬಿಡುತ್ತದೆ. ಕಾಗದಕ್ಕೆ ಹಲೋ ಹಲೋ ಎನ್ನಲು ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ವಿಷಯಕ್ಕೆ ಬರುತ್ತೇನೆ. ಭಾನುವಾರ ನೀವು ವಾಪಸು ಬರುತ್ತೀರಿ, ಸೋಮವಾರ ಲೋಡ್ ಹತ್ತಿಸಿಕೊಂಡು ಮತ್ತೆ ಹೊರಡುತ್ತೀರಿ. ಅಷ್ಟರೊಳಗೆ ನನಗೆ ಒಂದೇ ಒಂದು ಉತ್ತರ ಬೇಕು. ನಮ್ಮ ಲಾರಿಯ ಮುಖ ತೊಳೆಯುತ್ತಿರುವವರು ಯಾರು?

ನಗಬೇಡಿ. ಮದುವೆಯಾದ ವಾರಕ್ಕೇ ನೀವು ಬಕೆಟ್ಟು ತಂದು ನನ್ನ ಮುಂದಿಟ್ಟು, "ಚಕ್ರ ನಂದು, ಮುಖ ನಿಂದು" ಎಂದು ಹಂಚಿಕೆ ಮಾಡಿದಿರಿ. ಹತ್ತೊಂಬತ್ತು ವರ್ಷ ಆ ಮಾತು ತಪ್ಪಿಲ್ಲ. ನೀವು ಲಾರಿ ತಂದು ನಿಲ್ಲಿಸಿದ ಕೂಡಲೇ ನಾನು ಹಳೇ ಟವೆಲ್‌ಗಳನ್ನು ನೆನೆಸಿ ಅದರ ಮೂತಿಗೆ ಹೊದಿಸುತ್ತೇನೆ. ಅರ್ಧ ಗಂಟೆ ಬಿಟ್ಟರೆ ಒಣಗಿ ಅಂಟಿದ ಹುಳವೆಲ್ಲ ಮೆತ್ತಗಾಗಿ ತಾನಾಗಿ ಕಳಚಿ ಬರುತ್ತದೆ. ಒಣ ಬಟ್ಟೆಯಲ್ಲಿ ತಿಕ್ಕಿದರೆ ಹುಳದ ಜೊತೆ ಬಣ್ಣವೂ ಹೋಗುತ್ತದೆ ಎಂದು ನಿಮಗೆ ಕಲಿಸಿದವಳೇ ನಾನು. ಆಮೇಲೆ ಸೋಪು ನೀರು, ಆಮೇಲೆ ತಿಂಗಳಿಗೊಮ್ಮೆ ಮೇಣದ ಪಾಲಿಷ್. ರೇಡಿಯೇಟರಿನ ಮುಂದೆ ಕಟ್ಟಿದ ಸೊಳ್ಳೆ ಪರದೆಯ ಜಾಲರಿ ನಾನೇ ಹೊಲಿದದ್ದು. ಕಲ್ಲು ಸಿಡಿದು ಬಣ್ಣ ಹಾರಿದ ಕಡೆಯೆಲ್ಲ ಬೆಂಕಿಕಡ್ಡಿಯ ತುದಿಯಲ್ಲಿ ನೀಲಿ ಪೇಂಟ್ ಅದ್ದಿ ಚುಕ್ಕೆ ಇಟ್ಟವಳೂ ನಾನೇ. ಆ ಲಾರಿಯ ಮೂತಿ ನನಗೆ ನಮ್ಮ ಮಗಳ ಮುಖದಷ್ಟೇ ಬಾಯಿಪಾಠ. ಅದನ್ನು ಇನ್ನೊಬ್ಬರು ಮುಟ್ಟಿದರೆ ನನಗೆ ಗೊತ್ತಾಗುವುದಿಲ್ಲವೇ? ನೀವೇ ನನಗೆ ಇನ್‌ಸ್ಪೆಕ್ಟರ್ ಎಂದು ಅಡ್ಡಹೆಸರು ಇಟ್ಟವರು. ಇಟ್ಟ ಮೇಲೆ ಅನುಭವಿಸಿ.

ನಾಲ್ಕು ತಿಂಗಳಿಂದ ನೋಡುತ್ತಿದ್ದೇನೆ. ಲಾರಿ ಬಂದು ನಿಂತಾಗ ನಿಮ್ಮ ಪಕ್ಕದ ಖಾಲಿ ಸೀಟಿನ ಮುಂದಿನ ಗಾಜಿನಲ್ಲಿ ಹುಳಗಳ ಸಂತೆ ನೆರೆದಿರುತ್ತದೆ. ರೆಕ್ಕೆ, ಕಾಲು, ಹಳದಿ ಲೋಳೆ, ಎಲ್ಲ. ನಿಮ್ಮ ಸೀಟಿನ ಮುಂದೆ ಮಾತ್ರ ಥಳಥಳ! ಒಂದು ಸೊಳ್ಳೆಯ ಗುರುತೂ ಇಲ್ಲ. ವೈಪರಿನ ಕೆಳಗಿನ ಸಂದಿಯನ್ನೂ ಬಿಡದೆ ಒರೆಸಿದ್ದಾರೆ, ನಾನೂ ಕೆಲವೊಮ್ಮೆ ಬಿಡುವ ಸಂದಿ ಅದು. ಮೊದಲ ಸಲ ಸುಮ್ಮನಾದೆ. ಎರಡನೇ ಸಲ ಕೇಳಿದೆ. ನೀವು ಬೂಟಿನ ಲೇಸು ಬಿಚ್ಚುತ್ತಾ "ಈಗ ದಾರೀಲಿ ಹುಳ ಜಾಸ್ತಿ ಕಣೇ" ಎಂದಿರಿ. ಹುಳ ಜಾಸ್ತಿಯಾದರೆ ನಿಮ್ಮ ಮುಂದೆ ಮಾತ್ರ ಯಾಕೆ ಕಡಿಮೆ? ಇಡೀ ಗಾಜು ಒರೆಸುವಷ್ಟು ಪುರುಸೊತ್ತು ಆ ಕೈಗೆ ಇಲ್ಲ, ಆದರೆ ಗಾಜಿನ ಹಿಂದೆ ನಿಮ್ಮ ಮುಖ ಕಾಣುವಷ್ಟು ಜಾಗವನ್ನು ಮಾತ್ರ ಅಕ್ಕರೆಯಿಂದ ಒರೆಸುತ್ತದೆ. ಇದರ ಅರ್ಥ ಏನೆಂದು ನಾನು ಬಿಡಿಸಿ ಹೇಳಬೇಕೇ?

ನೀವು ಹೋದ ಮಾರನೇ ದಿನ ಕ್ಯಾಬಿನ್ ಗುಡಿಸಲು ಹತ್ತಿದೆ. ಗುಡಿಸಲು ಅಂತ ಬರೆದಿದ್ದೇನೆ, ಹುಡುಕಲು ಎಂದೇ ಓದಿಕೊಳ್ಳಿ. ಸೀಟಿನ ಕೆಳಗೆ ಸಿಕ್ಕಿತು, ಗುಲಾಬಿ ಬಣ್ಣದ ಮೆತ್ತನೆಯ ಬಟ್ಟೆ, ನಾಲ್ಕಾಗಿ ಮಡಚಿದ್ದು. ಪಕ್ಕದಲ್ಲಿ ಗಾಜಿಗೆ ಹೊಡೆಯುವ ಸ್ಪ್ರೇ ಬಾಟಲಿ, ಮುಚ್ಚಳ ತೆಗೆದರೆ ಮದುವೆ ಮನೆಯ ಹಾಗೆ ಘಮಘಮ. ನೀವು ಗುಲಾಬಿ ಬಣ್ಣದ ಕರ್ಚೀಫನ್ನೂ ಮುಟ್ಟುವವರಲ್ಲ. ಪಕ್ಕದ ಮನೆ ಟೈಲರಮ್ಮನಿಗೆ ಬಟ್ಟೆ ತೋರಿಸಿದೆ. ಅವರು ಅಂಚು ತಿರುವಿ ನೋಡಿ, "ಅಯ್ಯೋ, ಇದು ಪೆಟ್ರೋಲ್ ಬಂಕಲ್ಲಿ ಮಾರೋ ಬಟ್ಟೆ ಕಣ್ರೀ, ಸುಮ್ನೆ ತಲೆಗೆ ಹುಳ ಬಿಟ್ಕೋಬೇಡಿ" ಎಂದರು. ಬಂಕಿನದೇ ಇರಲಿ. ಬಂಕಿನಲ್ಲಿ ನೀಲಿಯೂ ಇರುತ್ತದೆ, ಬೂದುಬಣ್ಣದ್ದೂ ಇರುತ್ತದೆ. ಗುಲಾಬಿಯನ್ನು ಆರಿಸಿ ಕೊಟ್ಟ ಕೈ ಯಾವುದು?

ಇನ್ನು ಕಲ್ಲಿನ ವಿಷಯ. ಮುಂದಿನ ಗಾಡಿಗೆ ಅಂಟಿಕೊಂಡು ಹೋಗುವ ಡ್ರೈವರುಗಳನ್ನು ನೀವು ಬೈಯದ ದಿನವಿಲ್ಲ. ಮುಂದಿನ ಗಾಡಿಯ ಚಕ್ರದಿಂದ ಸಿಡಿದ ಕಲ್ಲು ನೇರವಾಗಿ ಮೂತಿಗೇ ಬಡಿಯುತ್ತದೆ ಎಂದು ನನಗೆ ಅನ್ನದ ಮೇಲೆ ಬೆರಳಿನಲ್ಲಿ ಗೆರೆ ಎಳೆದು ತೋರಿಸಿದವರು ನೀವು. ಈ ನಾಲ್ಕು ತಿಂಗಳಲ್ಲಿ ನಾನು ಎಷ್ಟು ಹೊಸ ಚುಕ್ಕೆ ಇಟ್ಟಿದ್ದೇನೆ ಗೊತ್ತೇ? ಮೂವತ್ತೊಂದು. ಹೋದ ವರ್ಷವೆಲ್ಲ ಸೇರಿ ಐದು ಇಟ್ಟಿದ್ದೆ. ಅಂದರೆ ನೀವು ಯಾವುದೋ ಗಾಡಿಯ ಬಾಲ ಹಿಡಿದುಕೊಂಡು ಓಡುತ್ತಿದ್ದೀರಿ, ಏನೋ ಅವಸರ. ಅವಸರದಲ್ಲಿ ಓಡಿದವರು ಬೇಗ ಬರಬೇಕು ತಾನೇ? ಆದರೆ ಆರಕ್ಕೆ ಬರುತ್ತಿದ್ದವರು ಎಂಟಕ್ಕೆ ಬರುತ್ತೀರಿ. ಓಡಿ ಉಳಿಸಿದ ಹೊತ್ತೂ ಹೋಯಿತು, ಅದರ ಮೇಲೆ ಎರಡು ಗಂಟೆಯೂ ಹೋಯಿತು. ಎಲ್ಲಿ ಹೋಯಿತು ಸ್ವಾಮಿ? ಕೇಳಿದರೆ "ನಿಲ್ಲಿಸ್ತಾ ನಿಲ್ಲಿಸ್ತಾ ಬಂದೆ" ಎನ್ನುತ್ತೀರಿ. ಎಲ್ಲಿ, ಯಾಕೆ ಎಂದರೆ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತೀರಿ. ನನ್ನ ಕಿವಿಯ ಮೇಲೆ ಹೂವಿಡಬೇಡಿ.

ಶೋಕಿ ಬೇರೆ! ಬಾನೆಟ್ಟಿನ ಅಂಚಿಗೆ ಹುಳ ತಡೆಯುವ ಪ್ಲಾಸ್ಟಿಕ್ ಪಟ್ಟಿ ಹಾಕಿಸೋಣ ಎಂದು ನಾನು ಆರು ವರ್ಷ ಗೋಗರೆದಾಗ "ಲಾರಿಗೆ ಮೀಸೆ ಬೇಡ" ಎಂದು ನಕ್ಕಿದ್ದಿರಿ. ಈಗ ನನ್ನನ್ನು ಒಂದು ಮಾತೂ ಕೇಳದೆ ಹಾಕಿಸಿಕೊಂಡು ಬಂದಿದ್ದೀರಿ. ವೈಪರ್ ಮೂರು ಸಲ ಬದಲಾಗಿದೆ. ಯಾರ ಕಣ್ಣಿಗೆ ಚೆಂದ ಕಾಣಲೆಂದು ಈ ಸಿಂಗಾರ? ನಾನು ಕೂದಲಿಗೆ ಬಣ್ಣ ಹಚ್ಚಿಕೊಂಡು ಮೂರು ದಿನ ನಿಮ್ಮೆದುರು ಓಡಾಡಿದೆ. ಮಗಳು ಹಾಸ್ಟೆಲಿನಿಂದ ಫೋಟೋ ನೋಡಿಯೇ ಕಂಡುಹಿಡಿದಳು, ನಿಮಗೆ ಕಾಣಲಿಲ್ಲ. ಊಟಕ್ಕೆ ಕೂತಾಗ ನಾನು ಮಾತೆತ್ತಿದರೆ ನೊಣ ಓಡಿಸುವ ಹಾಗೆ ಗಾಳಿಯಲ್ಲಿ ಕೈ ಬೀಸುತ್ತೀರಿ. ನೊಣ ಎಲ್ಲಿತ್ತು? ಓಡಿಸಿದ್ದು ನನ್ನ ಮಾತನ್ನೇ.

ಹೋದ ತಿಂಗಳು ಆದದ್ದನ್ನು ಬರೆಯಬಾರದು ಎಂದುಕೊಂಡಿದ್ದೆ, ಬರೆಯುತ್ತೇನೆ. ನೀವು ಕ್ಯಾಬಿನಿನಲ್ಲಿ ಕೂತು ಕಾಗದಪತ್ರ ಜೋಡಿಸುತ್ತಿದ್ದಿರಿ. ನಾನು ಬಕೆಟ್ಟು ಹಿಡಿದು ಗೇಟಿನ ಹತ್ತಿರ ನಿಂತು, ಮದುವೆಯಾದ ಹೊಸದರಲ್ಲಿ ಮಾಡುತ್ತಿದ್ದ ಹಾಗೆ ನಿಮಗೆ ನಾಲಿಗೆ ಚಾಚಿ ಅಣಕಿಸಿದೆ. ಆಗೆಲ್ಲ ನೀವು ಹಾರ್ನ್ ಹೊಡೆದು ಬೀದಿಯವರಿಗೆಲ್ಲ ಕೇಳಿಸುತ್ತಿದ್ದಿರಿ. ಈ ಸಲ ತಲೆ ಎತ್ತಿ ನೇರವಾಗಿ ನನ್ನನ್ನೇ ನೋಡಿದಿರಿ. ನಗಲಿಲ್ಲ. ಗೋಡೆಯನ್ನು ನೋಡಿದ ಹಾಗೆ ನೋಡಿ ಮತ್ತೆ ತಲೆ ತಗ್ಗಿಸಿದಿರಿ. ನಲವತ್ತೆರಡು ವಯಸ್ಸಿನ ಹೆಂಗಸು ನಾಲಿಗೆ ಚಾಚಿ ನಿಂತಿದ್ದೆ, ನಾಚಿಕೆಯಾಯಿತು. ಆವತ್ತು ಗಾಜು ತೊಳೆಯುತ್ತಾ ಅತ್ತಿದ್ದೇನೆ, ನೀರು ಚಿಮ್ಮಿತೆಂದು ಸುಳ್ಳು ಹೇಳಿದ್ದೇನೆ.

ಜಗಳಕ್ಕೆ ಬರೆಯುತ್ತಿಲ್ಲ. ನೀವು ನನ್ನವರಾಗಿಯೇ ಉಳಿದಿದ್ದೀರೋ ಇಲ್ಲವೋ, ಅಷ್ಟು ತಿಳಿದರೆ ಸಾಕು. ಇಲ್ಲವೆಂದಾದರೆ ಭಾನುವಾರ ನೀವು ಬರುವುದರೊಳಗೆ ಮಗಳ ಹತ್ತಿರ ಹೋಗಿ ಇರುತ್ತೇನೆ, ಅಲ್ಲೇ ಯಾವುದಾದರೂ ಕೆಲಸ ನೋಡಿಕೊಳ್ಳುತ್ತೇನೆ. ಕೈಕಾಲು ಗಟ್ಟಿಯಿದೆ. ಇವತ್ತು ಮಧ್ಯಾಹ್ನ ಗಾಜು ಹಾಕುವ ಗ್ಯಾರೇಜಿನವನನ್ನು ಬರಹೇಳಿದ್ದೇನೆ. ನಿಮ್ಮ ಸೀಟಿನ ಮುಂದಿನ ಗಾಜಿನಲ್ಲಿ ಸುತ್ತು ಸುತ್ತಾಗಿ ಗೀರು ಬಿದ್ದಿದೆ, ಯಾರೋ ಪುಣ್ಯಾತ್ಗಿತ್ತಿ ಬಲ ಹಾಕಿ ತಿಕ್ಕಿದ್ದಾಳೆ. ಅದನ್ನು ಪಾಲಿಷ್ ಮಾಡಿಸಿ, ಲಾರಿಯನ್ನು ಲಕ್ಷಣವಾಗಿ ನಿಮಗೆ ಒಪ್ಪಿಸಿಯೇ ಹೋಗುತ್ತೇನೆ. ಹತ್ತೊಂಬತ್ತು ವರ್ಷದ ಕೆಲಸ ಅರ್ಧಕ್ಕೆ ಬಿಟ್ಟಳು ಎನ್ನಿಸಿಕೊಳ್ಳಲು ನನಗೆ ಇಷ್ಟವಿಲ್ಲ.

ಭಾವನವರಿಗೆ ನಮಸ್ಕಾರ ತಿಳಿಸಿ, ನಿಮ್ಮ ಅತ್ತಿಗೆಯನ್ನು ಕೇಳಿದೆ ಎನ್ನಿ. ನಿಮಗೆ ಏನು ತಿಳಿಸಬೇಕೆಂದು ಉತ್ತರ ಬಂದ ಮೇಲೆ ಯೋಚಿಸುತ್ತೇನೆ.

ಇಂತಿ,
ನಿಮ್ಮ ಇನ್‌ಸ್ಪೆಕ್ಟರ್

ಮರೆತಿದ್ದು: ಮಧ್ಯಾಹ್ನ ಮೂರು ಗಂಟೆ. ರೀ, ಮೇಲಿನದನ್ನು ಓದಬೇಡಿ. ಹರಿದು ಹಾಕಬೇಕೆಂದಿದ್ದೆ, ಇನ್ನೊಂದು ಬರೆಯಲು ಹೊತ್ತಿಲ್ಲ, ನಾಲ್ಕಕ್ಕೆ ಅಂಚೆ ಪೆಟ್ಟಿಗೆ ತೆಗೆಯುತ್ತಾರೆ. ಇಲ್ಲಿಂದ ಮುಂದೆ ನಂಬರ್ ಪ್ಲೇಟಿನಷ್ಟು ದೊಡ್ಡ ಅಕ್ಷರದಲ್ಲಿ ಬರೆಯುತ್ತಿದ್ದೇನೆ. ಎಷ್ಟು ಹಾಳೆಯಾದರೂ ಆಗಲಿ, ನೀವೇ ಓದಿಕೊಳ್ಳಬೇಕು.

ಗ್ಯಾರೇಜಿನವನು ಬಂದಿದ್ದ. ಗಾಜು ನೋಡಿ, "ಅಕ್ಕಾ, ಇದನ್ನ ಅಣ್ಣ ನನ್ನ ಹತ್ರ ಮೂರು ಸಲ ತಂದಿದ್ರಲ್ಲ. ಮಂಜು ಹೋಗ್ತಿಲ್ಲ, ಗಾಜೇ ಬದಲಾಯಿಸು ಅಂತಿದ್ರು. ಗಾಜಲ್ಲಿ ಮಂಜಿಲ್ಲ ಅಣ್ಣ ಅಂದ್ರೆ ನಂಬಲಿಲ್ಲ, ಅಲ್ಲೇ ನಿಂತು ತಾವೇ ತಿಕ್ಕೋಕೆ ಶುರು ಮಾಡಿದ್ರು" ಎಂದ. ಅವನು ಹೋದ ಮೇಲೆ ನಿಮ್ಮ ಸೀಟಿಗೆ ಹತ್ತಿ ಕೂತೆ. ಅಷ್ಟು ಗೀರಿದ್ದರೂ ಎದುರು ಅಂಗಡಿಯ ಬೋರ್ಡಿನಲ್ಲಿರುವ ಫೋನ್ ನಂಬರಿನವರೆಗೆ ಎಲ್ಲ ಓದಿದೆ. ಗೇಟಿನ ಬಳಿ ನಿಂತ ಬೆಕ್ಕಿನ ಮೀಸೆಯೂ ಕಾಣುತ್ತಿತ್ತು. ಹೋದ ತಿಂಗಳು ಅಲ್ಲೇ ನಾಲಿಗೆ ಚಾಚಿ ನಿಂತ ನಾನು ನಿಮಗೆ ಕಂಡಿಲ್ಲ.

ಕೊಳೆ ಗಾಜಿನಲ್ಲಿಲ್ಲ ರೀ. ಅರ್ಧ ಗಂಟೆಗೊಮ್ಮೆ ಲಾರಿ ನಿಲ್ಲಿಸಿ ಒರೆಸಿದವರು ನೀವು. ಆ ಬಟ್ಟೆ ಗುಲಾಬಿ ಎಂಬುದೂ ನಿಮಗೆ ಗೊತ್ತಿಲ್ಲವೇನೋ. ಮುಂದಿನ ಗಾಡಿಯ ಕೆಂಪು ದೀಪವನ್ನೇ ದಾರಿ ಎಂದು ಹಿಡಿದುಕೊಂಡು, ಕಲ್ಲು ತಿನ್ನುತ್ತಾ ಮನೆಗೆ ಬಂದಿದ್ದೀರಿ. ನಾಲ್ಕು ತಿಂಗಳು! ಲೈಸೆನ್ಸ್ ಹೋಗುತ್ತದೆ ಎಂದು ನನಗೂ ಹೇಳಲಿಲ್ಲವೇ? ನಾನು ಇಲ್ಲಿ ಇಲ್ಲದ ಹೆಂಗಸಿಗೆ ಶಾಪ ಹಾಕುತ್ತಾ ಕೂತಿದ್ದೆ. ನನಗೆ ನಿಮ್ಮ ಮೇಲೆ ಬಂದಿರುವ ಸಿಟ್ಟು ಆ ಹೆಂಗಸು ನಿಜವಾಗಿದ್ದರೂ ಇಷ್ಟು ಬರುತ್ತಿರಲಿಲ್ಲ.

ಸೋಮವಾರದ ಲೋಡ್ ಬೇರೆಯವರಿಗೆ ಕೊಡಿ ಎಂದು ಟ್ರಾನ್ಸ್‌ಪೋರ್ಟ್ ಗುಮಾಸ್ತರಿಗೆ ಹೇಳಿಬಿಟ್ಟೆ. ಲಾರಿಯ ಎರಡು ಕೀಲಿಯೂ ನನ್ನ ಹತ್ತಿರ ಇವೆ, ಎಲ್ಲಿ ಎಂದು ಕೇಳಬೇಡಿ. ಕಣ್ಣಾಸ್ಪತ್ರೆಯಲ್ಲಿ ಸೋಮವಾರ ಹತ್ತು ಗಂಟೆಗೆ ಚೀಟಿ ಬರೆಸಿದ್ದೇನೆ. ಪೊರೆಯೋ ಮತ್ತೊಂದೋ ಡಾಕ್ಟರು ಹೇಳಲಿ, ಏನೇ ಆದರೂ ಇಬ್ಬರೂ ಕೇಳಿಸಿಕೊಳ್ಳೋಣ. ನಾನು ಎಲ್ಲಿಗೂ ಹೋಗುವುದಿಲ್ಲ.

ಭಾನುವಾರ ಹಗಲಿನ ಬಸ್ಸಿಗೇ ಹತ್ತಿಸಲು ಭಾವನವರ ಮನೆಯಲ್ಲಿ ಯಾರಿಗಾದರೂ ಹೇಳಿ. ಬಸ್ ಸ್ಟ್ಯಾಂಡಿನಲ್ಲಿ ಇಳಿದ ಮೇಲೆ ನನ್ನನ್ನು ಹುಡುಕಬೇಡಿ. ಇಳಿದ ಜಾಗದಲ್ಲೇ ನಿಂತಿರಿ, ನಾನೇ ಬಂದು ಕೈ ಹಿಡಿದುಕೊಳ್ಳುತ್ತೇನೆ.